ಆಸ್ಪತ್ರೆಯಲ್ಲಿರುವ ಮಕ್ಕಳಿಗಾಗಿ ಒಂದು ಯುವ ಸೇವಾ ಸಂಸ್ಥೆ: ಶುರು ಮಾಡುವುದು, ನಡೆಸುವುದು ಹೇಗೆ?

ಮಕ್ಕಳ ವಾರ್ಡಿಗೆ ಏನಾದರೂ ಮಾಡಬೇಕು ಅನ್ನಿಸಿದಾಗ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಆಟಿಕೆ ಕೂಡಿಸುವ ಯೋಚನೆ. ಗೆಳೆಯರ ಮನೆ, ನೆಂಟರ ಮನೆಗಳಿಂದ ಬೊಂಬೆ, ಕಾರು, ಪುಸ್ತಕ ಒಟ್ಟುಮಾಡಿ ಚೀಲಗಟ್ಟಲೆ ಹೊತ್ತುಕೊಂಡು ಹೋದರೆ, ಅದರಲ್ಲಿ ಬಹುಪಾಲನ್ನು ನರ್ಸ್‌ಗಳು ಒಳಗೆ ಬಿಟ್ಟುಕೊಳ್ಳುವ ಹಾಗೇ ಇರುವುದಿಲ್ಲ. ಬಳಸಿದ ಬೊಂಬೆಯಿಂದ ಸೋಂಕು ತಗಲುವ ಭಯ, ಸಣ್ಣ ಬಿಡಿಭಾಗ ಗಂಟಲಿಗೆ ಸಿಕ್ಕಿಕೊಳ್ಳುವ ಭಯ, ಸಾಲದ್ದಕ್ಕೆ ಇಡಲು ಜಾಗವೂ ಇಲ್ಲ. ಕೊಡಲು ಬಂದವರ ಮುಖ ಬಾಡುತ್ತದೆ, ಬೇಡ ಅನ್ನಬೇಕಾದವರಿಗೂ ಸಂಕಟ.

ಈ ಬರಹ 13ರಿಂದ 20 ವರ್ಷದೊಳಗಿನ, ಇಂಥದ್ದೊಂದು ಕೆಲಸವನ್ನು ಗಟ್ಟಿಯಾಗಿ ಕಟ್ಟಬೇಕೆಂದಿರುವ ಹುಡುಗ ಹುಡುಗಿಯರಿಗಾಗಿ. ಅವರ ಬೆನ್ನಿಗೆ ನಿಲ್ಲುವ ಅಪ್ಪ ಅಮ್ಮ, ಶಿಕ್ಷಕರೂ ಓದಬಹುದು. ನಾನು ಹೇಳಬೇಕಾದ ಮುಖ್ಯ ವಿಷಯ ಇಷ್ಟೇ: ಏನು ಕೊಡಬೇಕು ಎಂಬುದನ್ನು ವಾರ್ಡು ತೀರ್ಮಾನಿಸಲಿ, ಬೇಕೋ ಬೇಡವೋ ಎಂಬುದನ್ನು ಮಗು ತೀರ್ಮಾನಿಸಲಿ. ಮುಂದಿನ ಹೆಜ್ಜೆಗಳೆಲ್ಲ ಈ ಎರಡರ ಮೇಲೆಯೇ ನಿಂತಿವೆ.

ಹೆಜ್ಜೆ 1: ಆಸ್ಪತ್ರೆಯಲ್ಲಿ ಮಗು ಕಳೆದುಕೊಳ್ಳುವುದು ಏನನ್ನು ಎಂದು ತಿಳಿಯಿರಿ

ನೋವು ಒಂದು ಕಡೆ. ಅದರ ಜತೆಗೆ ಮಗುವಿನ ಕೈಯಿಂದ ಎಲ್ಲ ತೀರ್ಮಾನಗಳೂ ಜಾರಿಹೋಗುತ್ತವೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಕೈಗೆ ಸೂಜಿ ಚುಚ್ಚಬೇಕು, ದೀಪ ಯಾವಾಗ ಆರಿಸಬೇಕು ಎಲ್ಲವನ್ನೂ ಬೇರೆಯವರೇ ನಿರ್ಧರಿಸುತ್ತಾರೆ. ಅದಕ್ಕೇ ವಾರ್ಡಿನಲ್ಲಿ 'ನಿನಗೆ ಕೆಂಪು ಬೇಕೋ ನೀಲಿ ಬೇಕೋ?' ಎಂಬ ಸಣ್ಣ ಪ್ರಶ್ನೆಗೂ ದೊಡ್ಡ ಬೆಲೆಯಿದೆ.

ವಯಸ್ಸಿಗೆ ತಕ್ಕಂತೆ ಕಷ್ಟವೂ ಬೇರೆ. ತೀರಾ ಚಿಕ್ಕ ಮಕ್ಕಳಿಗೆ ಅಮ್ಮ ಅಪ್ಪ ಕಣ್ಣಿಗೆ ಕಾಣದಿರುವುದೇ ದೊಡ್ಡ ಭಯ. ಮೂರರಿಂದ ಆರು ವರ್ಷದವರು ಎಷ್ಟೋ ಸಲ ತಾವು ಮಾಡಿದ ತಪ್ಪಿಗೆ ಸಿಕ್ಕ ಶಿಕ್ಷೆಯೇ ಈ ಕಾಯಿಲೆ ಎಂದು ನಂಬಿಬಿಡುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಗೆ ತರಗತಿ, ಆಟ, ಗೆಳೆಯರು ತಪ್ಪಿಹೋದ ಬೇಸರ. ಹದಿಹರೆಯದವರಿಗೆ ಮೈ ಬದಲಾಗುವ ಸಂಕೋಚ, ಒಂಟಿತನ, ಎಲ್ಲರೆದುರು ಬಟ್ಟೆ ಸರಿಸಬೇಕಾದ ಮುಜುಗರ. ಬರುವ ಕೊಡುಗೆಗಳೆಲ್ಲ ಕರಡಿ ಬೊಂಬೆ, ಬಣ್ಣದ ಪುಸ್ತಕಗಳೇ ಆಗಿರುವುದರಿಂದ ಅತಿ ಹೆಚ್ಚು ಮರೆತುಹೋಗುವವರೂ ಇವರೇ. ನೀವೇ ಆ ವಯಸ್ಸಿನವರು. ಅವರಿಗೆ ಏನು ಹಿಡಿಸೀತು ಎಂದು ನಿಮ್ಮಷ್ಟು ಚೆನ್ನಾಗಿ ಯಾವ ಹಿರಿಯರಿಗೂ ಗೊತ್ತಿರುವುದಿಲ್ಲ.

ಸ್ವಲ್ಪ ಹಿಂದಿನದನ್ನೂ ತಿಳಿದಿರಿ. ಬ್ರಿಟನ್ನಿನಂಥ ದೇಶಗಳ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ಹೆತ್ತವರು ಮಗುವನ್ನು ನೋಡಬಹುದಾದ ಹೊತ್ತೇ ಬಹಳ ಕಡಿಮೆ ಇತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬ ಮನೋವಿಶ್ಲೇಷಕರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ, ಅಮ್ಮನಿಲ್ಲದ ಆ ದಿನಗಳಲ್ಲಿ ಅವಳಿಗೇನಾಯಿತು ಎಂಬುದನ್ನು 1952ರಲ್ಲಿ ವೈದ್ಯರ ಮುಂದಿಟ್ಟರು. ಆಸ್ಪತ್ರೆಯಲ್ಲಿರುವ ಮಕ್ಕಳ ಬಗ್ಗೆ ಬ್ರಿಟನ್ನಿನ ಸಮಿತಿಯೊಂದು 1959ರಲ್ಲಿ ಕೊಟ್ಟ ಪ್ಲಾಟ್ ವರದಿ ಹೆತ್ತವರ ಭೇಟಿಗೆ ಹೊತ್ತಿನ ಕಟ್ಟುಪಾಡು ಬೇಡವೆಂದು ಶಿಫಾರಸು ಮಾಡಿತು. 1988ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ರೂಪುಗೊಂಡ ಸನ್ನದು ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ವಯಸ್ಸಿಗೂ ಆರೋಗ್ಯಕ್ಕೂ ಹೊಂದುವ ಆಟ ಮತ್ತು ಕಲಿಕೆ ಸಿಗಬೇಕು ಎಂದಿತು. ಮಾರನೆಯ ವರ್ಷ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕೆಂದೇ ಹೇಳುತ್ತದೆ. ಹಾಗಾಗಿ ನೀವು ಮಾಡಹೊರಟಿರುವುದನ್ನು ಕನಿಕರದ ಕೆಲಸ ಎಂದುಕೊಳ್ಳಬೇಡಿ. ಮಗುವಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ತಲುಪಿಸುತ್ತಿದ್ದೀರಿ.

ಹೆಜ್ಜೆ 2: ಒಂದೇ ಒಂದು ಕೆಲಸ ಆರಿಸಿ

ಹೆಸರು, ಲಾಂಛನ, ಟೀ ಶರ್ಟ್ ಎಲ್ಲ ಆಮೇಲೆ. ಮೊದಲು ಕೆಲಸ ಯಾವುದೆಂದು ಗೊತ್ತಾಗಲಿ, ಅದೂ ಒಂದೇ ವಾಕ್ಯದಲ್ಲಿ ಹೇಳುವಂತಿರಲಿ. 'ಆಸ್ಪತ್ರೆಯ ಮಕ್ಕಳಿಗೆ ನೆರವಾಗುತ್ತೇವೆ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಹೊಸದಾಗಿ ವಾರ್ಡಿಗೆ ಸೇರಿದ ಪ್ರತಿ ಮಗುವಿಗೂ ಮೊದಲ ರಾತ್ರಿಗೆ ಒಂದು ಚಿಕ್ಕ ಚೀಲ ತಲುಪಿಸುತ್ತೇವೆ' ಅಂದರೆ ಆಸ್ಪತ್ರೆಗೂ ಅರ್ಥವಾಗುತ್ತದೆ, ಹಣ ಕೊಡುವವರಿಗೂ ಅರ್ಥವಾಗುತ್ತದೆ.

ಕಿರಿಯರೇ ಶುರು ಮಾಡಿ ಬೆಳೆಸಿದ ಕೆಲಸಗಳನ್ನು ನೋಡಿ. ಆಸ್ಟ್ರೇಲಿಯಾದ ಟಾಸ್ಮೇನಿಯಾದ ಕ್ಯಾಂಪ್‌ಬೆಲ್ ರೆಮೆಸ್ ಒಂಬತ್ತು ವರ್ಷದವನಿದ್ದಾಗ ಆಸ್ಪತ್ರೆಯ ಮಕ್ಕಳಿಗೆ ಕ್ರಿಸ್ಮಸ್ ಉಡುಗೊರೆ ಕೊಳ್ಳೋಣವೇ ಎಂದು ಮನೆಯಲ್ಲಿ ಕೇಳಿದ. ಒಂಬತ್ತು ಮಕ್ಕಳ ಮನೆ, ಅಷ್ಟು ಹಣ ಹೊಂದಿಸುವುದು ಆಗದ ಮಾತು. ಹುಡುಗ ಹೊಲಿಗೆ ಕಲಿತು ತಾನೇ ಬೊಂಬೆ ಹೊಲಿಯತೊಡಗಿದ. ಅಮೆರಿಕದ ಜೆಸ್ಸಿ ರೀಸ್ ಎಂಬ ಹುಡುಗಿ 2011ರಲ್ಲಿ ತಾನೇ ಮಿದುಳಿನ ಗೆಡ್ಡೆಗೆ ಚಿಕಿತ್ಸೆ ಪಡೆಯುತ್ತಿದ್ದಾಗ, ತಾನೇನೋ ಮನೆಗೆ ಹೋಗಬಹುದು, ಹಾಗೆ ಹೋಗಲಾಗದೆ ಆಸ್ಪತ್ರೆಯಲ್ಲೇ ಉಳಿಯುವ ಮಕ್ಕಳಿಗೆ ಏನು ಮಾಡಬಹುದು ಎಂದು ಹೆತ್ತವರನ್ನು ಕೇಳಿದಳು. ಪುಟ್ಟ ಪುಟ್ಟ ಆಟದ ಸಾಮಾನು ತುಂಬಿದ ಡಬ್ಬಿಗಳನ್ನು ಕಟ್ಟಲು ಶುರು ಮಾಡಿದಳು. ಮರುವರ್ಷದ ಜನವರಿಯಲ್ಲಿ, 12ನೇ ವಯಸ್ಸಿಗೆ, ಅವಳು ತೀರಿಕೊಂಡಳು. ಕೆಲಸ ನಿಲ್ಲಲಿಲ್ಲ.

ನನಗೆ ತುಂಬ ಮೆಚ್ಚುಗೆಯಾದದ್ದು ಎಲ್ಲಾ ಕಸಾನೋ ಎಂಬ ಅಮೆರಿಕದ ಹುಡುಗಿಯ ಯೋಚನೆ. ರಕ್ತದ ಕಾಯಿಲೆಯೊಂದಕ್ಕೆ ಅವಳು ಆಗಾಗ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ತಲೆಯ ಮೇಲೆ ತೂಗುವ ಔಷಧಿ ಚೀಲ, ಕೊಳವೆಗಳನ್ನು ಕಂಡರೆ ಭಯ. ಮಗುವಿಗೆ ಎದುರಿನಿಂದ ಕರಡಿಮರಿಯ ಮುಖ ಮಾತ್ರ ಕಾಣಬೇಕು, ಔಷಧಿ ಚೀಲ ಅದರ ಹೊಟ್ಟೆಯೊಳಗೆ ಇರಬೇಕು ಎಂದು ಬೊಂಬೆಯೊಂದನ್ನು ಹೊಲಿದಳು. ಬೆನ್ನಿನ ಕಡೆ ಬಲೆಬಟ್ಟೆ ಇಟ್ಟಳು. ಎಷ್ಟು ಔಷಧಿ ಉಳಿದಿದೆ ಎಂಬುದು ನರ್ಸ್‌ಗೆ ಕಾಣಲೇಬೇಕಲ್ಲ. ಮಗುವಿನ ಭಯವನ್ನೂ ನರ್ಸ್‌ನ ಕೆಲಸವನ್ನೂ ಒಟ್ಟಿಗೆ ಯೋಚಿಸಿದ ಆ ಬಲೆಬಟ್ಟೆಯನ್ನು ನಿಮ್ಮ ಕೆಲಸಕ್ಕೆ ಮಾದರಿಯಾಗಿ ಇಟ್ಟುಕೊಳ್ಳಿ.

ಎಲ್ಲರೂ ಹೊಸದನ್ನೇ ಕಂಡುಹಿಡಿಯಬೇಕಿಲ್ಲ. ಬಣ್ಣಬಣ್ಣದ ದಿಂಬಿನ ಚೀಲ ಹೊಲಿಯಬಹುದು. ವಾರಕ್ಕೊಮ್ಮೆ ಕಥೆ ಓದಿ ದನಿ ಮುದ್ರಿಸಿ ಕಳಿಸಬಹುದು. ಹದಿಹರೆಯದವರಿಗೆ ಉದ್ದ ವೈರಿನ ಫೋನ್ ಚಾರ್ಜರ್, ಇಯರ್‌ಫೋನ್ ಒದಗಿಸಬಹುದು. ಗೋಡೆಯ ಪ್ಲಗ್ಗಿಗೂ ಮಂಚಕ್ಕೂ ದೂರವಿರುವಲ್ಲಿ ಇದಕ್ಕಿಂತ ಉಪಕಾರದ ವಸ್ತು ಇನ್ನೊಂದಿಲ್ಲ. ಕುರ್ಚಿಯಲ್ಲೇ ರಾತ್ರಿ ಕಳೆಯುವ ಅಮ್ಮನಿಗೆ ಹಲ್ಲುಜ್ಜುವ ಬ್ರಷ್, ಸೋಪು, ಬಾಚಣಿಗೆ, ಒಂದು ಹೊದಿಕೆ ಕೊಟ್ಟರೆ ಅದೂ ಮಗುವಿಗೇ ಕೊಟ್ಟಂತೆ. ಜತೆಗೆ ಬಂದು ಮೂಲೆಯಲ್ಲಿ ಕೂತಿರುವ ಅಕ್ಕನನ್ನೋ ತಮ್ಮನನ್ನೋ ಯಾರೂ ಮಾತಾಡಿಸಿರುವುದಿಲ್ಲ. ಅವರಿಗೆ ಏನಾದರೂ ಇರಲಿ.

ಹೆಜ್ಜೆ 3: ಏನನ್ನೂ ಕೂಡಿಸುವ ಮುನ್ನ ಆಸ್ಪತ್ರೆಯನ್ನು ಕೇಳಿ

ನೇರವಾಗಿ ವಾರ್ಡಿಗೆ ನುಗ್ಗಬೇಡಿ. ಸ್ವಯಂಸೇವಕರನ್ನು ನೋಡಿಕೊಳ್ಳುವ ವಿಭಾಗ, ಸಾರ್ವಜನಿಕ ಸಂಪರ್ಕಾಧಿಕಾರಿ ಅಥವಾ ಮಕ್ಕಳ ವಾರ್ಡಿನ ಮುಖ್ಯ ನರ್ಸ್‌ಗೆ ಪತ್ರ ಬರೆಯಿರಿ. ಕೆಲವು ಆಸ್ಪತ್ರೆಗಳಲ್ಲಿ ಆಟದ ಮೂಲಕ ಮಕ್ಕಳನ್ನು ಚಿಕಿತ್ಸೆಗೆ ಅಣಿಗೊಳಿಸುವುದಕ್ಕೆಂದೇ ತರಬೇತಾದವರು ಇರುತ್ತಾರೆ. ಅಂಥವರಿದ್ದರೆ ಅವರೇ ನಿಮ್ಮ ಮೊದಲ ಗುರು.

ಪತ್ರ ಚಿಕ್ಕದಾಗಿರಲಿ, ಹೀಗೆ:

'ನಾವು ಆರು ಜನ ವಿದ್ಯಾರ್ಥಿಗಳು. ನಿಮ್ಮ ಮಕ್ಕಳ ವಾರ್ಡಿಗೆ ಉಪಯೋಗವಾಗುವ ಒಂದು ಕೆಲಸವನ್ನು ನಿಯಮಿತವಾಗಿ ಮಾಡಬೇಕೆಂದಿದ್ದೇವೆ. ನಮ್ಮ ಜತೆ ಹೊಣೆ ಹೊರುವ ಹಿರಿಯರೊಬ್ಬರಿದ್ದಾರೆ. ಏನನ್ನೂ ಕೊಳ್ಳುವ ಮುನ್ನ ನಿಮಗೆ ಬೇಕಾದದ್ದೇನು, ಬೇಡವಾದದ್ದೇನು ಎಂದು ಕೇಳಲು ಹದಿನೈದು ನಿಮಿಷ ಸಮಯ ಕೊಡುತ್ತೀರಾ?'

ಇಷ್ಟು ಸಾಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ವಿನಯದಿಂದ ಕೇಳಿ. ವಾರ್ಡಿನವರಿಗೆ ಪುರುಸೊತ್ತು ಇರುವುದಿಲ್ಲ. ಮೌನವನ್ನು ತಿರಸ್ಕಾರವೆಂದು ತಿಳಿಯಬೇಡಿ.

ಭೇಟಿ ಸಿಕ್ಕಾಗ ಕೇಳಬೇಕಾದವು: ವಾರ್ಡಿನಲ್ಲಿ ಸಾಮಾನ್ಯವಾಗಿ ಯಾವ ವಯಸ್ಸಿನ ಮಕ್ಕಳು, ಎಷ್ಟು ದಿನ ಇರುತ್ತಾರೆ? ಈಗಾಗಲೇ ರಾಶಿ ಬಿದ್ದಿರುವ ಸಾಮಾನು ಯಾವುದು? ಯಾವ ವಯಸ್ಸಿನವರಿಗೆ ಏನೂ ಸಿಗುತ್ತಿಲ್ಲ? ಬಟ್ಟೆಯ ವಸ್ತು ತಗೊಳ್ಳುತ್ತೀರಾ? ತಂದದ್ದನ್ನು ಎಲ್ಲಿ ಇಡುತ್ತೀರಿ, ಯಾರು ಹಂಚುತ್ತಾರೆ? ವಾರ್ಡಿನೊಳಗೆ ಬರಲು ಕನಿಷ್ಠ ವಯಸ್ಸೆಷ್ಟು? ಕಡೆಯ ಪ್ರಶ್ನೆ ಮುಖ್ಯ. ಬಹಳ ಕಡೆ 16 ಅಥವಾ 18 ತುಂಬುವವರೆಗೆ ಸ್ವಯಂಸೇವಕರನ್ನು ಮಕ್ಕಳ ಬಳಿ ಬಿಡುವುದಿಲ್ಲ. ನಿಮಗೆ ವಯಸ್ಸು ಸಾಲದಿದ್ದರೆ ಬೇಸರ ಬೇಡ, ಹೊರಗಿನಿಂದಲೇ ಮಾಡಬಹುದಾದ ಕೆಲಸ ಸಾಕಷ್ಟಿದೆ.

ಹೆಜ್ಜೆ 4: ವಸ್ತುಗಳ ಆಯ್ಕೆ

ಇಲ್ಲಿ ತಾಳ್ಮೆ ಬೇಕು. ಎಲ್ಲವೂ ಹೊಸದಾಗಿರಲಿ, ಬಳಸಿದ್ದನ್ನು ಎಷ್ಟೇ ತೊಳೆದರೂ ಬೇಡ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ, ಅಂಗಕಸಿ ಮಾಡಿಸಿಕೊಂಡ ಮಕ್ಕಳ ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುತ್ತದೆ. ನಮಗೆ ನೆಗಡಿಯಷ್ಟೇ ಆಗುವ ಸೋಂಕು ಅವರ ಜೀವಕ್ಕೆ ಬರಬಹುದು. ಒಳಗೆ ನೀರು ನಿಲ್ಲುವ, ಹಿಂಡಿದರೆ ಚಿಮ್ಮುವ ಸ್ನಾನದ ಆಟಿಕೆಗಳಿಂದ ಮಕ್ಕಳ ಕ್ಯಾನ್ಸರ್ ವಾರ್ಡೊಂದರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹರಡಿದ್ದು 1998ರಲ್ಲೇ ದಾಖಲಾಗಿದೆ. ಒರೆಸಿ ಸ್ವಚ್ಛಗೊಳಿಸಬಹುದಾದ ನುಣುಪು ಮೈಯ ವಸ್ತುವೇ ಒಳ್ಳೆಯದು. ಬಟ್ಟೆಯ ಬೊಂಬೆ ಕೊಟ್ಟರೆ ಅದು ಒಂದೇ ಮಗುವಿಗೆ, ಆ ಮಗುವಿನ ಜತೆಯೇ ಮನೆಗೆ ಹೋಗಬೇಕು.

ಮೂರು ವರ್ಷದೊಳಗಿನವರಿಗೆ ಕೊಡುವ ವಸ್ತುವಿನಲ್ಲಿ ಸಣ್ಣ ಭಾಗ ಇರಲೇಬಾರದು. ಅಮೆರಿಕದ ಆಟಿಕೆ ಸುರಕ್ಷಾ ನಿಯಮದಲ್ಲಿ ಇದಕ್ಕೊಂದು ಅಳತೆ ಕೊಳವೆಯಿದೆ, ಅದರ ವ್ಯಾಸ 31.7 ಮಿಲಿಮೀಟರ್. ಆ ಕೊಳವೆಯೊಳಗೆ ಪೂರ್ತಿ ಕೂರುವ ಯಾವ ಭಾಗವೂ ಅಪಾಯವೆಂದೇ ಲೆಕ್ಕ. ಬೊಂಬೆಗೆ ಗುಂಡಿಯ ಕಣ್ಣು ಬೇಡ, ದಾರದಲ್ಲಿ ಕಸೂತಿ ಹಾಕಿದ ಕಣ್ಣಿರಲಿ. ಬಿಲ್ಲೆ ಬ್ಯಾಟರಿಯಿಂದ ನಡೆಯುವ ಆಟಿಕೆಗಳನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಸುಟ್ಟಗಾಯವಾಗಬಹುದು. ಬಿಡಿ ಅಯಸ್ಕಾಂತಗಳೂ ಹಾಗೆಯೇ; ಎರಡು ನುಂಗಿದರೆ ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ತೂತು ಮಾಡುತ್ತವೆ. ಉದ್ದನೆಯ ದಾರ, ಲಾಡಿ ಬೇಡ.

ರಬ್ಬರ್ ಬಲೂನು ಎಲ್ಲರಿಗೂ ಮೊದಲು ನೆನಪಾಗುವ ವಸ್ತು. ಆದರೆ ಲೇಟೆಕ್ಸ್ ಅಲರ್ಜಿಯ ಕಾರಣಕ್ಕೆ ಅನೇಕ ಆಸ್ಪತ್ರೆಗಳು ಅದನ್ನು ಒಳಗೇ ಬಿಡುವುದಿಲ್ಲ. ಬೆನ್ನುಹುರಿಯ ದೋಷದಿಂದ ಹುಟ್ಟಿ ಪದೇಪದೇ ಶಸ್ತ್ರಚಿಕಿತ್ಸೆಗೆ ಒಳಗಾಗುವ ಮಕ್ಕಳಲ್ಲಿ ಈ ಅಲರ್ಜಿ ಹೆಚ್ಚು. ಹೂವು, ಮಿನುಗು ಪುಡಿ, ಪರಿಮಳದ ವಸ್ತು ಬೇಡ. ತಿನ್ನುವ ಪದಾರ್ಥ ಖಂಡಿತ ಬೇಡ: ಮರುದಿನ ಶಸ್ತ್ರಚಿಕಿತ್ಸೆಗೆ ಉಪವಾಸವಿರಬೇಕಾದ ಮಗುವಿನ ಪಕ್ಕದಲ್ಲಿ ಮಿಠಾಯಿ ಇಡುವುದು ಎಂಥ ಹಿಂಸೆ ಯೋಚಿಸಿ. 'ಬೇಗ ಗುಣವಾಗು' ಎಂಬ ಬರಹವೂ ಎಲ್ಲರಿಗೂ ಹೊಂದುವುದಿಲ್ಲ. ಗುಣವಾಗದ ಕಾಯಿಲೆಯ ಮಕ್ಕಳೂ ಅಲ್ಲಿರುತ್ತಾರೆ. 'ನಿನ್ನನ್ನು ನೆನೆಯುತ್ತಿದ್ದೇವೆ' ಅಂತ ಬರೆದರೆ ಯಾರಿಗೂ ನೋಯದು.

ಈಗ ಎಂಟು ವರ್ಷದ ಮಗುವಿಗೊಂದು ಚೀಲ ತುಂಬೋಣ. ಒಂದು ಗೀಟಿಲ್ಲದ ಪುಸ್ತಕ, ದಪ್ಪ ರಟ್ಟಿನದು. ಮಂಚದ ಮೇಲೆ ಆನಿಸಿಕೊಳ್ಳಲು ಬೇರೆ ಹಲಗೆ ಬೇಕಾಗಬಾರದು. ತಿರುಗಿಸಿದರೆ ಮೇಲೆ ಬರುವ ಬಣ್ಣದ ಕಡ್ಡಿಗಳು. ಮೆಂಡರ್ ಬೇಕಾಗುವ ಪೆನ್ಸಿಲ್ ಬೇಡ, ಒಂದು ಕೈಗೆ ಡ್ರಿಪ್ ಇರುವ ಮಗು ಪೆನ್ಸಿಲ್ ಹೆರೆಯುವುದು ಹೇಗೆ? ಮುಚ್ಚಳ ಬಿಗಿಯಿಲ್ಲದ ಡಬ್ಬಿಯನ್ನೇ ಆರಿಸಿ, ಅದೂ ಇದೇ ಕಾರಣಕ್ಕೆ. ಒಬ್ಬರೇ ಆಡಬಹುದಾದ ಒಂದು ಆಟ, ಅಮ್ಮನ ಜತೆ ಆಡಬಹುದಾದ ಒಂದು ಇಸ್ಪೀಟು ಕಟ್ಟು. ಜಾರದ ತಳದ ಕಾಲುಚೀಲ, ವಾರ್ಡಿನ ನೆಲ ತಣ್ಣಗಿರುತ್ತದೆ. ಬಾಗಿಲಿಗೆ ತೂಗುಹಾಕುವ ರಟ್ಟಿನ ಫಲಕ: ಒಂದು ಬದಿಯಲ್ಲಿ 'ಬನ್ನಿ', ಇನ್ನೊಂದು ಬದಿಯಲ್ಲಿ 'ಈಗ ಮಲಗಿದ್ದೇನೆ'. ಕಡೆಯದಾಗಿ, ವಾರ್ಡಿನವರು ಒಪ್ಪಿದರೆ, ಸೋಪಿನ ಗುಳ್ಳೆ ಊದುವ ಸಣ್ಣ ಶೀಷೆ. ಸೂಜಿ ಚುಚ್ಚುವ ಹೊತ್ತಿಗೆ ಗಮನ ಬೇರೆಡೆ ಸೆಳೆದರೆ ಮಕ್ಕಳಿಗೆ ನೋವು ಕಡಿಮೆ ಅನ್ನಿಸುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಗುಳ್ಳೆ ಊದಲು ನಿಧಾನವಾಗಿ ಉಸಿರು ಬಿಡಬೇಕಾಗುವುದರಿಂದ ಮೈಯೂ ಸಡಿಲವಾಗುತ್ತದೆ.

ಎಲ್ಲವನ್ನೂ ಪಾರದರ್ಶಕ ಚೀಲದಲ್ಲಿ ಹಾಕಿ ಮುಚ್ಚಿ. ಬಣ್ಣದ ಕಾಗದ ಸುತ್ತಬೇಡಿ. ಒಳಗೇನಿದೆ ಎಂದು ಬಿಚ್ಚದೆಯೇ ನರ್ಸ್‌ಗೆ ಕಾಣಬೇಕು. ಮೇಲೆ ವಯಸ್ಸಿನ ಚೀಟಿ ಅಂಟಿಸಿ. ಬಟ್ಟೆಯದನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಸಾಧ್ಯವಾದರೆ 60 ಡಿಗ್ರಿ ಬಿಸಿನೀರಿನಲ್ಲಿ, ಪೂರ್ತಿ ಒಣಗಿಸಿಯೇ ಚೀಲಕ್ಕೆ ಹಾಕಿ. ಕಟ್ಟುವ ದಿನ ಕೆಮ್ಮು, ಜ್ವರ ಇರುವವರು ಮನೆಯಲ್ಲೇ ಇರಲಿ, ಸಾಕುಪ್ರಾಣಿಗಳಿಲ್ಲದ ಜಾಗ ಆರಿಸಿ.

ಹೆಜ್ಜೆ 5: ಹಿರಿಯರು, ಹಣ, ಲೆಕ್ಕ

ಹೆಚ್ಚಿನ ದೇಶಗಳಲ್ಲಿ 18 ತುಂಬದವರು ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ, ಸಂಸ್ಥೆಯ ಟ್ರಸ್ಟಿಯಾಗುವಂತಿಲ್ಲ. ಆದ್ದರಿಂದ ಕನಿಷ್ಠ ಇಬ್ಬರು ಹಿರಿಯರು ಬೇಕು, ಅವರು ಒಂದೇ ಮನೆಯವರಲ್ಲದಿದ್ದರೆ ಇನ್ನೂ ಒಳ್ಳೆಯದು. ಬ್ಯಾಂಕ್ ಖಾತೆಯಿಂದ ಹಣ ತೆಗೆಯಲು ಇಬ್ಬರದೂ ಸಹಿ ಇರಲಿ. ಹಿರಿಯರು ಕೆಲಸ ಕಸಿದುಕೊಳ್ಳದಂತೆ ಮೊದಲೇ ಮಾತಾಡಿಕೊಳ್ಳಿ: ಸಹಿ ಅವರದು, ತೀರ್ಮಾನ ನಿಮ್ಮದು, ಸುರಕ್ಷತೆಯ ವಿಷಯದಲ್ಲಿ ಮಾತ್ರ ಅವರ ಮಾತೇ ಅಂತಿಮ.

ಶುರುವಿನಲ್ಲೇ ಸಂಸ್ಥೆ ನೋಂದಾಯಿಸಬೇಕಾಗಿಲ್ಲ. ಈಗಾಗಲೇ ನಡೆಯುತ್ತಿರುವ ಸಂಸ್ಥೆಯ ಅಡಿಯಲ್ಲೋ ಶಾಲೆಯ ಸೇವಾ ಸಂಘದ ಅಡಿಯಲ್ಲೋ ಒಂದು ವರ್ಷ ನಡೆಸಿ ನೋಡಿ. ಕೆಲಸ ಗಟ್ಟಿಯಾಗಿ ನೆಲೆಯೂರಿತು ಅನ್ನಿಸಿದ ಮೇಲೆ ನಿಮ್ಮ ಊರಿನ ಕಾನೂನು ತಿಳಿದವರನ್ನು ಕೇಳಿ ನೋಂದಣಿ ಮಾಡಿಸಿ.

ಒಂದು ಚೀಲಕ್ಕೆ ತಗಲುವ ವೆಚ್ಚವನ್ನು ಮೊದಲು ಲೆಕ್ಕ ಹಾಕಿ, ಅದನ್ನೇ ಮುಂದಿಟ್ಟು ಕೇಳಿ. 'ದೇಣಿಗೆ ಕೊಡಿ' ಅನ್ನುವುದಕ್ಕಿಂತ 'ಒಂದು ಮಗುವಿನ ಚೀಲಕ್ಕೆ ಇಷ್ಟಾಗುತ್ತದೆ' ಅಂದರೆ ಜನ ಮನಸ್ಸು ಮಾಡುತ್ತಾರೆ. ಅಮೆರಿಕದ ಅಲೆಕ್ಸಾಂಡ್ರಾ ಸ್ಕಾಟ್ ಎಂಬ ಪುಟ್ಟ ಹುಡುಗಿ 2000ದಲ್ಲಿ, ನಾಲ್ಕನೇ ವಯಸ್ಸಿನಲ್ಲಿ, ಮನೆಯ ಮುಂದೆ ನಿಂಬೆ ಪಾನಕ ಮಾರಲು ಕೂತಳು. ಹಣ ತನ್ನಂಥ ಮಕ್ಕಳ ಕ್ಯಾನ್ಸರ್‌ಗೆ ಔಷಧಿ ಹುಡುಕುವ ವೈದ್ಯರಿಗೆ ಎಂದು ಸ್ಪಷ್ಟವಾಗಿ ಹೇಳಿದ್ದಳು. 2004ರಲ್ಲಿ ಅವಳು ತೀರಿಕೊಳ್ಳುವ ಹೊತ್ತಿಗೆ ಆ ಮೊತ್ತ ಹತ್ತು ಲಕ್ಷ ಡಾಲರ್ ದಾಟಿತ್ತು. ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಕೊಡುವವರಿಗೆ ಅಷ್ಟು ತಿಳಿಯಾಗಿ ಗೊತ್ತಿರಬೇಕು.

ಪ್ರತಿ ಕೊಡುಗೆಗೂ ರಸೀದಿ, ಪ್ರತಿ ಖರ್ಚಿಗೂ ಬಿಲ್ಲು. ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಬರೆದು ಕೊಟ್ಟವರಿಗೆಲ್ಲ ಕಳಿಸಿ.

ಹೆಜ್ಜೆ 6: ವಾರ್ಡಿನೊಳಗೆ ಹೋಗುವುದಾದರೆ

ಲಸಿಕೆಗಳ ದಾಖಲೆ ಸಿದ್ಧವಿರಲಿ. ದಡಾರ ಮತ್ತು ಸೀತಾಳೆ ಸಿಡುಬಿನ ಬಗ್ಗೆ ಖಂಡಿತ ಕೇಳುತ್ತಾರೆ. ವಾಂತಿಭೇದಿ ಆಗಿದ್ದರೆ ಅದು ನಿಂತು 48 ಗಂಟೆ ಕಳೆಯುವವರೆಗೆ ಹೋಗಬೇಡಿ. ಕೈಗೆ ಸ್ಯಾನಿಟೈಸರ್ ಹಚ್ಚಿದರೆ 20ರಿಂದ 30 ಸೆಕೆಂಡು ಉಜ್ಜಿ, ಸೋಪು ನೀರಾದರೆ 40ರಿಂದ 60 ಸೆಕೆಂಡು. ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗುವಾಗ ಪ್ರತಿ ಸಲವೂ ಇದು ಆಗಬೇಕು. ಉಂಗುರ, ಬಳೆ, ಅತ್ತರು ಬೇಡ.

ಬಾಗಿಲಲ್ಲಿ ನಿಂತು ಮಗುವನ್ನೇ ಕೇಳಿ: 'ನಾನು ಒಳಗೆ ಬರಬಹುದಾ?' ಬೇಡ ಅಂದರೆ, 'ಆಯ್ತು ಪುಟ್ಟಾ, ಇನ್ನೊಂದ್ಸಲ ಬರ್ತೀನಿ' ಅಂದು ನಗುತ್ತ ಹಿಂದಿರುಗಿ. ಮತ್ತೆ ಒತ್ತಾಯ ಮಾಡಬೇಡಿ, 'ಯಾಕೆ ಬೇಡ?' ಅನ್ನಬೇಡಿ, ಅಮ್ಮನ ಕಡೆ ತಿರುಗಿ ಶಿಫಾರಸು ಕೇಳಬೇಡಿ. ಬೆಳಗಿನಿಂದ ಎಲ್ಲರಿಗೂ ಮೈ ಒಡ್ಡಿಕೊಂಡ ಮಗುವಿಗೆ ಆ ದಿನ ಬೇಡ ಅನ್ನಲು ಸಿಕ್ಕ ಮೊದಲ ಮನುಷ್ಯರು ನೀವೇ ಇರಬಹುದು. ಆ ಬೇಡವನ್ನು ಗೌರವಿಸಿದರೆ ಮುಂದಿನ ವಾರ ಅದೇ ಮಗು ತಾನಾಗಿ ಕರೆಯುವುದೂ ಉಂಟು.

ಒಳಗೆ ಹೋದ ಮೇಲೆ ಮಗುವಿನ ಕಣ್ಣಿನ ಮಟ್ಟಕ್ಕೆ ಬರುವಂತೆ ಕುರ್ಚಿಯ ಮೇಲೆ ಕೂತುಕೊಳ್ಳಿ, ಮಂಚದ ಮೇಲಲ್ಲ. ಎರಡು ವಸ್ತು ಮುಂದಿಟ್ಟು ಯಾವುದು ಬೇಕೆಂದು ಕೇಳಿ. ಕಾಯಿಲೆಯ ಬಗ್ಗೆ ನೀವಾಗಿ ಕೇಳಬೇಡಿ. ಚಿತ್ರ, ಆಟ, ಕಥೆಯ ಮಾತಾಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. 'ಏನೂ ಆಗಲ್ಲ', 'ಸೂಜಿ ನೋಯೋದೇ ಇಲ್ಲ', 'ನಾಳೆ ಮನೆಗೆ ಹೋಗ್ತೀಯ' ಎಂಬ ಮಾತುಗಳು ಬೇಡ. ಅವು ಸುಳ್ಳಾದಾಗ ಮಗುವಿಗೆ ನಿಮ್ಮ ಮೇಲಷ್ಟೇ ಅಲ್ಲ, ನರ್ಸ್‌ಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಸುಮ್ಮನೆ ಜತೆಯಲ್ಲಿ ಕೂತು ಬಣ್ಣ ಹಚ್ಚಿದರೂ ಸಾಕು. ನೀರು ಕೊಡುವುದು, ಎತ್ತುವುದು, ಕೊಳವೆ ಸರಿಪಡಿಸುವುದು ಯಾವುದೂ ನಿಮ್ಮ ಕೆಲಸವಲ್ಲ, ನರ್ಸ್‌ರನ್ನು ಕರೆಯಿರಿ. ಮಗುವಿನ ಜತೆ ಒಬ್ಬರೇ, ಮುಚ್ಚಿದ ಕೋಣೆಯಲ್ಲಿ ಎಂದೂ ಇರಬೇಡಿ.

ಫೋಟೊ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟು: ಮಗುವಿನ ಫೋಟೊ ಬೇಡವೇ ಬೇಡ. ಹೆತ್ತವರು ಒಪ್ಪಿದರೂ ಬೇಡ. ಉಡುಗೊರೆ ಕೈಯಲ್ಲಿ ಹಿಡಿದವರ ಮುಂದೆ ಅಪ್ಪ ಅಮ್ಮ ಇಲ್ಲ ಅನ್ನುವುದು ಕಷ್ಟ, ಕೂದಲು ಉದುರಿದ ಆ ಮುಖ ಅಂತರ್ಜಾಲದಲ್ಲಿ ಉಳಿದುಹೋದರೆ ಮುಂದೆ ಆ ಮಗುವೇ ಅನುಭವಿಸಬೇಕು. ಜೋಡಿಸಿಟ್ಟ ಚೀಲಗಳ ಫೋಟೊ, ಹೊಲಿಯುವ ನಿಮ್ಮ ಕೈಗಳ ಫೋಟೊ ಹಾಕಿ. ಹೆಸರು, ಕಾಯಿಲೆ, ಮಂಚದ ಸಂಖ್ಯೆ ಯಾವುದನ್ನೂ ಮನೆಯಲ್ಲಿ ಸಹ ಹೇಳಬಾರದು.

ಹೆಜ್ಜೆ 7: ನಿಮ್ಮ ಮನಸ್ಸಿನ ಆರೈಕೆ

ಹೋದ ವಾರ ನಿಮ್ಮ ಜತೆ ಚಿತ್ರ ಬಿಡಿಸಿದ ಮಗುವಿನ ಮಂಚ ಈ ವಾರ ಖಾಲಿ ಇರಬಹುದು. ಮನೆಗೆ ಹೋಗಿರಬಹುದು, ಹೋಗದೆಯೂ ಇರಬಹುದು, ಆಸ್ಪತ್ರೆಯವರು ನಿಮಗೆ ಹೇಳುವಂತಿಲ್ಲ. ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ನಾನು ಹೇಳಲಾರೆ. ಅಳು ಬಂದರೆ ಅಳಿ, ಆದರೆ ವಾರ್ಡಿನ ಹೊರಗೆ. ಪ್ರತಿ ಭೇಟಿಯ ನಂತರ ಗುಂಪು ಹತ್ತು ನಿಮಿಷ ಒಟ್ಟಿಗೆ ಕೂತು, ಹಿರಿಯರೊಬ್ಬರ ಎದುರಿನಲ್ಲಿ, ಹೆಸರುಗಳನ್ನೆತ್ತದೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುವ ರೂಢಿ ಇರಲಿ. ನಿದ್ದೆ ಕೆಡುವಷ್ಟು ನೋವಾದರೆ ಕೆಲವು ತಿಂಗಳು ವಾರ್ಡಿನ ಕೆಲಸ ಬಿಟ್ಟು ಚೀಲ ಕಟ್ಟುವ ಕೆಲಸಕ್ಕೆ ಬದಲಾಗಬಹುದು.

ಹೆಜ್ಜೆ 8: ನಿಲ್ಲದಂತೆ ನೋಡಿಕೊಳ್ಳುವುದು

ತಿಂಗಳಿಗೆ ನೂರು ಚೀಲ ಎಂದು ಹೇಳಿ ಮೂರನೇ ತಿಂಗಳಿಗೆ ಕೈಬಿಡುವುದಕ್ಕಿಂತ ತಿಂಗಳಿಗೆ ಹತ್ತನ್ನು ತಪ್ಪದೆ ಕೊಡುವುದು ಮೇಲು. ವಾರ್ಡು ನಿಮ್ಮನ್ನು ನೆಚ್ಚಿಕೊಳ್ಳತೊಡಗಿದ ಮೇಲೆ ತಪ್ಪಿಸುವಂತಿಲ್ಲ. ಪರೀಕ್ಷೆಯ ತಿಂಗಳುಗಳನ್ನು ಮೊದಲೇ ಗುರುತಿಸಿ, ಆಗ ಬೇಕಾದ ಚೀಲಗಳನ್ನು ರಜೆಯಲ್ಲೇ ಕಟ್ಟಿಡಿ. ಹಬ್ಬದ ದಿನಗಳಲ್ಲಿ ವಾರ್ಡಿಗೆ ಕೊಡುಗೆಗಳ ಮಳೆಯೇ ಬರುತ್ತದೆ, ಆಮೇಲಿನ ತಿಂಗಳುಗಳಲ್ಲಿ ಯಾರೂ ಸುಳಿಯುವುದಿಲ್ಲ. ನೀವು ಆ ಖಾಲಿ ತಿಂಗಳುಗಳಲ್ಲಿ ಹೋಗಿ.

ಆರು ತಿಂಗಳಿಗೊಮ್ಮೆ ಮುಖ್ಯ ನರ್ಸ್‌ರನ್ನು ಕೇಳಿ: ಯಾವ ವಸ್ತು ಹಾಗೇ ಉಳಿಯುತ್ತಿದೆ, ಯಾವುದು ಮೊದಲು ಮುಗಿಯುತ್ತಿದೆ? ಉಳಿಯುವುದನ್ನು ಕೈಬಿಡಿ, ಅದು ನಿಮಗೆಷ್ಟೇ ಇಷ್ಟವಾದದ್ದಾಗಿರಲಿ.

ನೀವು ಓದಿಗೋ ಕೆಲಸಕ್ಕೋ ಬೇರೆ ಊರಿಗೆ ಹೋಗುವ ದಿನ ಬಂದೇ ಬರುತ್ತದೆ. ಅದಕ್ಕೆ ಒಂದು ವರ್ಷ ಮುಂಚೆಯೇ ನಿಮಗಿಂತ ಎರಡು ಮೂರು ವರ್ಷ ಚಿಕ್ಕವರಿಬ್ಬರನ್ನು ಜತೆಗೆ ಸೇರಿಸಿಕೊಳ್ಳಿ. ಒಂದು ಕೈಪುಸ್ತಕ ಬರೆದಿಡಿ: ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು, ಯಾವ ದಿನ ಯಾವ ಬಾಗಿಲಿಗೆ ಸಾಮಾನು ಒಯ್ಯಬೇಕು, ಚೀಲದ ಪಟ್ಟಿ, ಬೇಡದ ವಸ್ತುಗಳ ಪಟ್ಟಿ ಮತ್ತು ಅದರ ಕಾರಣ, ಖಾತೆಯ ಲೆಕ್ಕ. ಆಮೇಲೆ ಆ ಇಬ್ಬರನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಮುಖ್ಯ ನರ್ಸ್‌ಗೆ ಪರಿಚಯ ಮಾಡಿಸಿ. ಮುಂದಿನ ತಿಂಗಳ ಚೀಲಗಳನ್ನು ಅವರೇ ಒಯ್ಯಲಿ, ನೀವು ಜತೆಗಿದ್ದು ನೋಡಿ. ಅದರ ಮುಂದಿನ ತಿಂಗಳು ಅವರಿಬ್ಬರೇ ಹೋಗಲಿ.